ಅಣ್ಣನ ಮಳೆ ಲೆಕ್ಕ ಉಳಿದ ಕಥೆ



ಈ ವಾರ ಒಂದು ಪ್ರಶ್ನೆಯಿಂದ ಶುರುಮಾಡುತ್ತೇನೆ. ನಿಮ್ಮ ಫೋನು ಇವತ್ತು ಸಂಜೆ ನೀರಿನ ಬಕೆಟ್ಟಿಗೆ ಬಿದ್ದು ಕೆಟ್ಟುಹೋದರೆ, ಅದರೊಳಗಿನ ಯಾವ ಸಂದೇಶಕ್ಕಾಗಿ ನೀವು ಸಂಕಟಪಡುತ್ತೀರಿ? ಬ್ಯಾಂಕಿನದಕ್ಕಂತೂ ಅಲ್ಲ. ಗ್ಯಾಸ್ ಸಿಲಿಂಡರಿನದಕ್ಕೂ ಅಲ್ಲ. ನನ್ನ ಉತ್ತರ ನನಗೆ ಗೊತ್ತು: ಅಣ್ಣನ ಮಳೆ ಲೆಕ್ಕಕ್ಕಾಗಿ.

ನಮ್ಮ ಅಣ್ಣ ಕೊಪ್ಪದ ಕಡೆ ಅಡಿಕೆ ತೋಟ ಮಾಡಿಕೊಂಡಿದ್ದವನು. ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟಿದ್ದ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದ. ಆಮೇಲೆ ನನಗೊಂದು ಎಸ್ಎಂಎಸ್. ಇಂಟರ್ನೆಟ್ ಅವರ ಮನೆಗೆ ಬಂದಿರಲಿಲ್ಲ. ಅಂಗಳದ ಒಂದು ಮೂಲೆಯಲ್ಲಿ ನಿಂತರೆ ಸಿಗ್ನಲ್‌ನ ಒಂದು ಕಡ್ಡಿ ಬರುತ್ತಿತ್ತು. ಎಸ್ಎಂಎಸ್ ಹೋಗಲು ಅಷ್ಟು ಸಾಕು. 'ಮಳೆ 2 ಇಂಚು 40 ಸೆಂಟ್. ಹಳ್ಳ ತುಂಬಿದೆ. ನಿನ್ನ ಮಂಡಿ ನೋವು ಹೇಗಿದೆ?' ಎಂಬಂಥ ನಾಲ್ಕು ಮಾತು. 2019ರಿಂದ 2023ರವರೆಗೆ, ಐದು ಮಳೆಗಾಲ. ಐದನೆಯದು ಮುಗಿಯುವ ಮೊದಲೇ ಅಣ್ಣ ಹೊರಟುಹೋದ.

ಹಳೆಯ ಕ್ಯಾಲೆಂಡರುಗಳು ಮಕ್ಕಳ ಪುಸ್ತಕಕ್ಕೆ ಹೊದಿಕೆಯಾಗಿ ಹರಿದುಹೋಗಿದ್ದವು. ಅಣ್ಣನ ಬಟನ್ ಫೋನಿನಲ್ಲಿ ಜಾಗ ಕಡಿಮೆ. ತುಂಬಿದಾಗಲೆಲ್ಲ ಅವನೇ ಹಳೆಯದನ್ನು ಅಳಿಸುತ್ತಿದ್ದ. ಹಾಗಾಗಿ ಆ ಸಂದೇಶಗಳು ಇದ್ದದ್ದು ಇಡೀ ಪ್ರಪಂಚದಲ್ಲಿ ಒಂದೇ ಕಡೆ, ನನ್ನ ಫೋನಿನಲ್ಲಿ. ಆ ಫೋನಿಗೂ ವಯಸ್ಸಾಗಿತ್ತು. ಚಾರ್ಜರಿನ ತಂತಿಯನ್ನು ಓರೆ ಮಾಡಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿತ್ತು.

ಒಂದು ಭಾನುವಾರ ನಾನು ಹಾಗೆ ತಂತಿ ಹಿಡಿದು ಕೂತಿದ್ದಾಗ ಏಳನೇ ತರಗತಿಯ ಮೊಮ್ಮಗಳು ಕೇಳಿದಳು: 'ಅಜ್ಜ, ದೊಡ್ಡಜ್ಜನ ಮೆಸೇಜುಗಳ ಕಾಪಿ ಎಲ್ಲಿದೆ?'

'ಬ್ಯಾಕಪ್ ಆನ್ ಇದೆಯಮ್ಮ, ಅದರ ಪಾಡಿಗೆ ಅದು ಆಗುತ್ತೆ' ಎಂದೆ, ದೊಡ್ಡ ತಿಳಿದವನ ಹಾಗೆ.

'ಯಾವ ಅಕೌಂಟಿಗೆ?'

ಸೆಟ್ಟಿಂಗ್ಸ್ ತೆರೆದು ನೋಡಿದೆವು. ಬ್ಯಾಕಪ್ ಆನ್ ಇತ್ತು, ನಿಜ. ಆದರೆ ಅದು ಹೋಗುತ್ತಿದ್ದ ಖಾತೆಯ ಹೆಸರು ನನಗೆ ಗುರುತೇ ಸಿಗಲಿಲ್ಲ. ನನ್ನ ಹೆಸರಿನ ಮುಂದೆ ಏನೇನೋ ಅಂಕಿಗಳು. ಆಮೇಲೆ ನೆನಪಾಯಿತು. ಫೋನು ಕೊಂಡ ದಿನ ಅಂಗಡಿಯ ಹುಡುಗ ಅವಸರದಲ್ಲಿ ಹೊಸ ಜಿಮೇಲ್ ಖಾತೆ ತೆರೆದು ಕೊಟ್ಟಿದ್ದ. ಪಾಸ್‌ವರ್ಡ್ ಏನೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅಣ್ಣನ ಮಾತುಗಳು ಇಷ್ಟು ವರ್ಷ ಒಂದು ಪೆಟ್ಟಿಗೆಗೆ ತಪ್ಪದೆ ಹೋಗಿ ಸೇರುತ್ತಿದ್ದವು, ಆದರೆ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ.

ಓದುತ್ತಿರುವ ಹಿರಿಯರಲ್ಲಿ ಎಷ್ಟೋ ಮಂದಿಯ ಫೋನಿನ ಕಥೆ ಇದೇ ಇರಬಹುದು. ಆದ್ದರಿಂದ ನಾವು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ.

ಸಂದೇಶ ಇರುವುದೆಲ್ಲಿ?

ನೀವು ಎಸ್ಎಂಎಸ್ ಕಳಿಸಿದಾಗ ಅದು ಮೊದಲು ಮೊಬೈಲ್ ಕಂಪನಿಯ ಸಂದೇಶ ಕೇಂದ್ರಕ್ಕೆ ಹೋಗುತ್ತದೆ. ಆ ಕಡೆಯವರ ಫೋನು ಆಫ್ ಆಗಿದ್ದರೆ ಸ್ವಲ್ಪ ಕಾಲ ಅಲ್ಲೇ ಕಾಯುತ್ತದೆ. ಫೋನು ಆನ್ ಆದೊಡನೆ ತಲುಪುತ್ತದೆ. ಅಂಚೆಯಣ್ಣ ಕಾಗದ ಕೊಟ್ಟು ಸೈಕಲ್ ಹತ್ತಿದ ಹಾಗೆ, ಕಂಪನಿಯ ಕೆಲಸ ಅಲ್ಲಿಗೆ ಮುಗಿಯಿತು. 'ಮೂರು ವರ್ಷದ ಹಿಂದಿನ ಸಂದೇಶ ಕೊಡಿ' ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ.

ಇನ್ನು ಸಿಮ್ ಕಾರ್ಡು. ಹಳೆಯ ಫೋನುಗಳಲ್ಲಿ ಒಂದಷ್ಟು ಸಂದೇಶಗಳು ಸಿಮ್‌ನಲ್ಲೇ ಇರುತ್ತಿದ್ದವು. ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಸಂದೇಶ ಉಳಿಯುವುದು ಫೋನಿನ ಹೊಟ್ಟೆಯೊಳಗೆ. ಸಿಮ್ ತೆಗೆದು ಹೊಸ ಫೋನಿಗೆ ಹಾಕಿದರೆ ನಂಬರು ಬರುತ್ತದೆ, ಸಂದೇಶ ಬರುವುದಿಲ್ಲ. ಹಳೆಯ ಫೋನು ಕೊಟ್ಟು ಹೊಸದು ತರುವವರು ಇದನ್ನು ಗಟ್ಟಿಯಾಗಿ ನೆನಪಿಡಿ. ಹೊಸ ಫೋನಿನಲ್ಲಿ ಹಳೆಯ ಸಂದೇಶಗಳನ್ನು ಕಣ್ಣಾರೆ ನೋಡುವ ತನಕ ಹಳೆಯದನ್ನು ಅಳಿಸಲು ಬಿಡಬೇಡಿ.

ಮಕ್ಕಳಿಗೊಂದು ಲೆಕ್ಕ

ಜಗತ್ತಿನ ಮೊದಲ ಎಸ್ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪ್ಯಾಪ್‌ವರ್ತ್ ಎಂಬ 22 ವರ್ಷದ ಎಂಜಿನಿಯರ್ ಕಂಪ್ಯೂಟರಿನಿಂದ ಒಂದು ಫೋನಿಗೆ 'ಮೆರ್ರಿ ಕ್ರಿಸ್‌ಮಸ್' ಎಂದು ಕಳಿಸಿದರು. ಇಂಗ್ಲಿಷಿನಲ್ಲಿ ನಡುವಿನ ಖಾಲಿ ಜಾಗವೂ ಸೇರಿ 15 ಅಕ್ಷರ.

ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಸುತ್ತದೆ, ಕನ್ನಡ ಆದರೆ 70 ಮಾತ್ರ. ಯಾಕೆ? ಸಂದೇಶದ ಡಬ್ಬಿ ಎರಡಕ್ಕೂ ಒಂದೇ, 1,120 ಬಿಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ ಸಾಕು. ಕನ್ನಡದ್ದಕ್ಕೆ 16 ಬೇಕು. ಭಾಗಿಸಿ ನೋಡಿ, ಉತ್ತರ ಸರಿಯಾಗಿ ಬರುತ್ತದೆ. ಅದರ ಮೇಲೆ ನಮ್ಮ ಒತ್ತಕ್ಷರ, ಗುಣಿತಗಳಿಗೂ ಬೇರೆ ಜಾಗ ಬೇಕು. 'ಅಜ್ಜಿ' ಎಂದು ಕನ್ನಡದಲ್ಲಿ ಬರೆದರೆ 5 ಸ್ಥಾನ ಹೋಗುತ್ತದೆ: ಅ, ಜ, ಒತ್ತಿನ ಕೊಂಡಿ, ಮತ್ತೆ ಜ, ಗುಡಿಸು. ಅಣ್ಣ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದ ಗುಟ್ಟು ಇದೇ. ಒಂದೇ ಸಂದೇಶದ ದುಡ್ಡಿನಲ್ಲಿ ಮಳೆಯೂ ಹಳ್ಳವೂ ನನ್ನ ಮಂಡಿಯೂ ಮುಗಿಯಬೇಕಿತ್ತು.

ನಾವು ಮಾಡಿದ್ದು

ಮೊದಲು ನನ್ನದೇ ಒಂದು ಗೂಗಲ್ ಖಾತೆ ತೆರೆದೆವು. ಪಾಸ್‌ವರ್ಡನ್ನು ನಾನೇ ಆರಿಸಿ, ಬೀರುವಿನಲ್ಲಿರುವ ಡೈರಿಯಲ್ಲಿ ಬರೆದಿಟ್ಟೆ. ಫೋನಿನ ಪಿನ್ ಕೂಡ ಅಲ್ಲೇ ಬರೆದೆ. ಯಾಕೆಂದರೆ ಗೂಗಲ್ ಬ್ಯಾಕಪ್‌ನಿಂದ ಸಂದೇಶಗಳನ್ನು ಹೊಸ ಫೋನಿಗೆ ಇಳಿಸುವಾಗ ಹಳೆಯ ಫೋನಿನ ಪಿನ್ ಅಥವಾ ಪ್ಯಾಟರ್ನ್ ಕೇಳಬಹುದು.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ 'ಗೂಗಲ್', ಅದರೊಳಗೆ 'ಬ್ಯಾಕಪ್'. ಕೆಲವು ಫೋನುಗಳಲ್ಲಿ ಇದು 'ಸಿಸ್ಟಮ್' ಎಂಬುದರೊಳಗೆ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಬ್ಯಾಕಪ್' ಎಂದು ಬರೆಯಿರಿ. ಅಲ್ಲಿ ಮೂರು ವಿಷಯ ನೋಡಿ. ಖಾತೆ ಯಾರದ್ದು? ಎಸ್ಎಂಎಸ್ ಪಟ್ಟಿಯಲ್ಲಿ ಇದೆಯೇ? ಕೊನೆಯ ಬ್ಯಾಕಪ್ ಯಾವತ್ತು ಆಗಿದೆ? ನಾವು ಖಾತೆ ಬದಲಿಸಿ, 'ಈಗಲೇ ಬ್ಯಾಕಪ್ ಮಾಡು' ಎಂಬ ಗುಂಡಿ ಒತ್ತಿದೆವು. ಐಫೋನ್ ಇರುವವರು ಸೆಟ್ಟಿಂಗ್ಸ್‌ನಲ್ಲಿ ತಮ್ಮ ಹೆಸರು ಒತ್ತಿ, ಐಕ್ಲೌಡ್ ಒಳಗೆ 'ಮೆಸೇಜಸ್' ಆನ್ ಇದೆಯೇ ನೋಡಬೇಕು. ಅಲ್ಲಿ ಉಚಿತ ಜಾಗ 5 ಜಿಬಿ, ಗೂಗಲ್‌ನಲ್ಲಿ 15 ಜಿಬಿ. ವಾಟ್ಸ್‌ಆ್ಯಪ್‌ನದು ಬೇರೆಯೇ ಸಂಸಾರ. ಅದರ ಬ್ಯಾಕಪ್ಪನ್ನು ಅದರ ಸೆಟ್ಟಿಂಗ್ಸ್‌ನ 'ಚಾಟ್ಸ್' ಒಳಗೇ ಮಾಡಬೇಕು.

ಇಷ್ಟಕ್ಕೆ ನಾನು ಎದ್ದೆ. ಮೊಮ್ಮಗಳು ಏಳಲಿಲ್ಲ. 'ಅದರಲ್ಲಿ ಏನಿದೆ ಅಂತ ತೆಗೆದು ಓದೋಕೆ ಆಗುತ್ತಾ?' ಎಂದಳು. ಆಗುವುದಿಲ್ಲ. ಗೂಗಲ್‌ನ ಬ್ಯಾಕಪ್ಪನ್ನು ಹೊಸ ಫೋನು ಸಜ್ಜುಮಾಡುವಾಗ ಇಳಿಸಿಕೊಳ್ಳಬಹುದೇ ಹೊರತು ಪುಸ್ತಕದ ಹಾಗೆ ಬಿಚ್ಚಿ ಓದಲಾಗದು. ಇನ್ನೊಂದು ವಿಷಯವೂ ಇದೆ: ಫೋನನ್ನು 57 ದಿನ ಬಳಸದೇ ಬಿಟ್ಟರೆ ಆ ಬ್ಯಾಕಪ್ ಅಳಿದುಹೋಗಬಹುದು. ತೀರಿಹೋದವರ ಫೋನನ್ನು ಆಫ್ ಮಾಡಿ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿರುವ ಮನೆಗಳು ಎಷ್ಟಿಲ್ಲ! ಅಂಥವರು ದಯವಿಟ್ಟು ಈ ಭಾನುವಾರವೇ ಅದನ್ನು ಚಾರ್ಜಿಗೆ ಹಾಕಿ, ಒಮ್ಮೆ ಆನ್ ಮಾಡಿ.

ಹಾಗಾಗಿ ಎರಡನೆಯ ದಾರಿ ಹಿಡಿದೆವು. ಪ್ಲೇ ಸ್ಟೋರಿನಲ್ಲಿ 'ಎಸ್ಎಂಎಸ್ ಬ್ಯಾಕಪ್ ಅಂಡ್ ರಿಸ್ಟೋರ್' ಎಂಬ ಆ್ಯಪ್ ಇದೆ. ಅದು ಎಲ್ಲ ಸಂದೇಶಗಳನ್ನೂ ತಾರೀಖು, ಸಮಯ, ನಂಬರಿನ ಸಮೇತ ಒಂದು ಕಡತ ಮಾಡಿಕೊಡುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ತೆರೆದು ಓದಬಹುದು. ಕಡತವನ್ನು ಅದೇ ಫೋನಿನಲ್ಲಿ ಬಿಟ್ಟರೆ ಫೋನಿನ ಜೊತೆ ಅದೂ ಹೋಗುತ್ತದೆ. ನಾವು ಒಂದನ್ನು ಗೂಗಲ್ ಡ್ರೈವಿಗೆ, ಇನ್ನೊಂದನ್ನು ಪೆನ್‌ಡ್ರೈವಿಗೆ ಹಾಕಿದೆವು.

'ಇಷ್ಟೊಂದು ಕಾಪಿ ಯಾಕಮ್ಮ?' ಎಂದೆ.

'ಅತ್ತಿಮಬ್ಬೆ ಸಾವಿರ ಕಾಪಿ ಮಾಡಿಸಲಿಲ್ವಾ?' ಎಂದಳು.

ನಾನು ಸುಮ್ಮನಾದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನ ಕವಿಯ 'ಶಾಂತಿಪುರಾಣ'ವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದಳು. ಓಲೆಗೆ ಹುಳು ಹಿಡಿಯುತ್ತದೆ, ಬೆಂಕಿ ತಾಕುತ್ತದೆ. ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಕಂಪ್ಯೂಟರಿನವರು ಇದನ್ನೇ 3-2-1 ಎನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯ ಹೊರಗೆ.

ತೆರೆದು ನೋಡಿದ ದಿನ

ಮುಂದಿನ ಭಾನುವಾರ ಮಗನ ಹಳೆಯ ಫೋನೊಂದನ್ನು ತೆಗೆದು ಅದೇ ಆ್ಯಪ್ ಹಾಕಿದೆವು. ಸಂದೇಶಗಳನ್ನು ಇಳಿಸುವಾಗ, ಅಷ್ಟು ಹೊತ್ತಿಗೆ ತನ್ನನ್ನೇ ಮುಖ್ಯ ಮೆಸೇಜ್ ಆ್ಯಪ್ ಮಾಡು ಎಂದು ಅದು ಕೇಳುತ್ತದೆ. ಕೆಲಸ ಮುಗಿದ ಮೇಲೆ ಮರೆಯದೆ ಮೊದಲಿನ ಆ್ಯಪಿಗೇ ಬದಲಿಸಿಕೊಳ್ಳಬೇಕು. ಸ್ವಲ್ಪ ಹೊತ್ತು ಅಂಕಿ ಓಡಿತು. ಅಣ್ಣನ ಹೆಸರು ಒತ್ತಿದೆ. ಬಂದದ್ದು, ಹೋದದ್ದು ಸೇರಿ 1,312. ನನ್ನ ಫೋನಿನಲ್ಲಿ ಇದ್ದಷ್ಟೇ.

ಮೊದಲ ದಿನದಿಂದ ಓದುತ್ತಾ ಹೋದೆವು. 2019ರ ಆಗಸ್ಟಿನಲ್ಲಿ ಒಂದು ವಾರ ಪೂರ್ತಿ ಮಳೆ, ಮಳೆ, ಮಳೆ. 'ದಾರಿ ಕುಸಿದಿದೆ. ನಾವು ಕ್ಷೇಮ. ಹೆದರಬೇಡ' ಎಂದಿತ್ತು. ಅದರ ಕೆಳಗೆ ನನ್ನ ಉತ್ತರವೂ ಇತ್ತು: 'ಓಕೆ.'

ಇನ್ನೊಂದು ದಿನ, 'ಈ ಸಲ ದೀಪಾವಳಿಗೆ ಬರ್ತೀಯಾ? ಮಕ್ಕಳನ್ನೂ ಕರ್ಕೊಂಡು ಬಾ.' ನನ್ನದು: 'ನೋಡೋಣ.'

ಐದು ವರ್ಷ ಅವನು ನಾಲ್ಕು ನಾಲ್ಕು ಸಾಲು ಬರೆದಿದ್ದಾನೆ. ನಾನು ಬರೆದದ್ದು ಹೆಚ್ಚೂಕಡಿಮೆ ಅಷ್ಟೇ: ಓಕೆ, ಸರಿ, ನೋಡೋಣ. ಮೊಮ್ಮಗಳು ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಳು. ಈಗ ವಾರಕ್ಕೊಂದಿಷ್ಟು ಸಂದೇಶಗಳನ್ನು ಅದರಲ್ಲಿ ಬರೆಯುತ್ತಿದ್ದೇವೆ. ಅಣ್ಣನ ಇಂಗ್ಲಿಷ್ ಅಕ್ಷರಗಳನ್ನು ನಾನು ಓದುತ್ತೇನೆ, ಅವಳು ಕನ್ನಡದಲ್ಲಿ ಬರೆಯುತ್ತಾಳೆ. ಅಲ್ಲಿ 70ರ ಲೆಕ್ಕವಿಲ್ಲ.

ಎಚ್ಚರಿಕೆಯ ಮಾತು

ಎಲ್ಲ ಸಂದೇಶಗಳ ಕಡತ ಎಂದರೆ ಅದರಲ್ಲಿ ಬ್ಯಾಂಕಿನ ಮಾತೂ ಸೇರಿರುತ್ತದೆ. ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಸಂದೇಶ ಓದಲು ಅನುಮತಿ ಕೇಳುವ ಆ್ಯಪನ್ನು ಪ್ಲೇ ಸ್ಟೋರಿನಿಂದ ಮಾತ್ರ ಹಾಕಿಕೊಳ್ಳಿ, ಯಾರೋ ಕಳಿಸಿದ ಲಿಂಕಿನಿಂದ ಬೇಡ. 'ನಾನು ಬ್ಯಾಕಪ್ ಮಾಡಿಕೊಡುತ್ತೇನೆ, ಈ ಆ್ಯಪ್ ಹಾಕಿ, ಒಟಿಪಿ ಹೇಳಿ' ಎಂದು ಫೋನು ಬಂದರೆ ಮಾತಿಲ್ಲದೆ ಇಟ್ಟುಬಿಡಿ. ಮೋಸ ಹೋಗಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಕ್ಕಳೇ, ಈ ವಾರದ ಕೆಲಸ ನಿಮಗೆ. ಅಜ್ಜ ಅಥವಾ ಅಜ್ಜಿಯ ಪಕ್ಕದಲ್ಲಿ ಕೂತು, 'ಯಾವ ಮೆಸೇಜ್ ನಿಮಗೆ ಬೇಕೇ ಬೇಕು?' ಎಂದು ಕೇಳಿ. ಬ್ಯಾಕಪ್ ಯಾರ ಖಾತೆಗೆ ಹೋಗುತ್ತಿದೆ ನೋಡಿ. ಅವರು ಹೇಳಿದ ಹತ್ತು ಸಂದೇಶಗಳನ್ನು ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹಿರಿಯರೇ, ಪಾಸ್‌ವರ್ಡನ್ನು ಡೈರಿಗೆ ಹಾಕುವ ಕೆಲಸ ನಿಮ್ಮದು.

ಊರಿನ ತೋಟವನ್ನು ಈಗ ಅಣ್ಣನ ಮಗ ನೋಡಿಕೊಳ್ಳುತ್ತಾನೆ. ಮಳೆಮಾಪಕ ಅದೇ ಜಾಗದಲ್ಲಿದೆ. ಮೊನ್ನೆ ಬೆಳಿಗ್ಗೆ ಅವನ ಸಂದೇಶ ಬಂತು: 'ಚಿಕ್ಕಪ್ಪ, 1 ಇಂಚು 10.' ಕನ್ನಡಕ ಹುಡುಕಿ ಹಾಕಿಕೊಂಡು ಉತ್ತರ ಬರೆದೆ. ಎರಡು ಎಸ್ಎಂಎಸ್ ಆಗುವಷ್ಟು ಉದ್ದವಾಯಿತು.

ಮುಂದಿನ ವಾರ ಸಿಗೋಣ.