ಓದಲಾಗದ ಅಕ್ಷರಗಳು ಕಲಿಸುವ ಪಾಠ

ಕಣ್ಣು ಕುಕ್ಕುವ ಬಣ್ಣ, ಹೊಗೆಯಂತೆ ಬಳುಕುವ ಅಕ್ಷರ, ಕರಗಿ ಹರಿಯುವ ಆಕೃತಿ- ‘ಸೈಕೆಡೆಲಿಕ್’ ಶೈಲಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಇಷ್ಟೇ. ಇದು ಅಮಲಿನ ಕೂಸು ಎಂಬ ತೀರ್ಪೂ ಅದರ ಬೆನ್ನಿಗೇ ಬರುತ್ತದೆ. ಈ ತೀರ್ಪು ಪೂರ್ತಿ ನಿರಾಧಾರವೇನಲ್ಲ. ಭ್ರಾಂತಿಜನಕ ದ್ರವ್ಯಗಳ ಸಂಶೋಧನೆಯಲ್ಲಿ ತೊಡಗಿದ್ದ ಮನೋವೈದ್ಯ ಹಂಫ್ರಿ ಆಸ್ಮಂಡ್, ಲೇಖಕ ಆಲ್ಡಸ್ ಹಕ್ಸ್‌ಲಿಯೊಂದಿಗೆ 1956ರಲ್ಲಿ ನಡೆಸಿದ ಪತ್ರವ್ಯವಹಾರದಲ್ಲಿ ಈ ಪದ ಟಂಕಿಸಲ್ಪಟ್ಟಿತು. ಆದರೆ ಪದದ ಹುಟ್ಟನ್ನೇ ಕಲೆಯ ಹುಟ್ಟೆಂದು ಭಾವಿಸಿದರೆ ಅದರ ಹಿಂದಿದ್ದ ಪರಿಶ್ರಮ ಕಾಣದೇ ಹೋಗುತ್ತದೆ.

1966-67ರ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ನೆನೆಯಿರಿ. ಫಿಲ್‌ಮೋರ್ ಮತ್ತು ಅವಲಾನ್ ಸಭಾಂಗಣಗಳ ರಾಕ್ ಸಂಗೀತ ಕಛೇರಿಗಳ ಭಿತ್ತಿಪತ್ರಗಳಲ್ಲೇ ಈ ಶೈಲಿ ರೂಪುಗೊಂಡಿತು. ಅವುಗಳನ್ನು ರಚಿಸಿದವರಲ್ಲಿ ಪ್ರಮುಖರಾದ ವೆಸ್ ವಿಲ್ಸನ್ ತಮ್ಮ ಅಕ್ಷರಗಳನ್ನು ಕನಸಿನಲ್ಲಿ ಕಂಡವರಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಯೆನ್ನಾದ ಆಲ್ಫ್ರೆಡ್ ರೋಲರ್ ರೂಪಿಸಿದ್ದ ಲಿಪಿಯನ್ನು ಅಭ್ಯಾಸ ಮಾಡಿ, ಅದನ್ನು ಹಿಗ್ಗಿಸಿ, ಬಾಗಿಸಿ, ಜ್ವಾಲೆಯಂತೆ ಮೇಲೇಳುವ ಹಾಗೆ ಪುನರ್ರಚಿಸಿದರು.

ಇನ್ನೊಬ್ಬ ಕಲಾವಿದ ವಿಕ್ಟರ್ ಮೊಸ್ಕೊಸೊ ಯೇಲ್ ವಿಶ್ವವಿದ್ಯಾಲಯದಲ್ಲಿ ವರ್ಣತಜ್ಞ ಜೋಸೆಫ್ ಆಲ್ಬರ್ಸ್ ಅವರ ಶಿಷ್ಯ. ಕೆಂಪು-ಹಸಿರಿನಂತಹ ವಿರುದ್ಧ ವರ್ಣಗಳನ್ನು ಒಂದೇ ಪ್ರಮಾಣದ ಉಜ್ವಲತೆಯಲ್ಲಿ ಅಕ್ಕಪಕ್ಕ ಇಟ್ಟರೆ, ನಡುವಿನ ಗಡಿರೇಖೆಯನ್ನು ಕಣ್ಣು ಖಚಿತವಾಗಿ ಗುರುತಿಸಲಾರದು. ಅಂಚು ಕಂಪಿಸಿದಂತೆ ತೋರುತ್ತದೆ. ಆದ್ದರಿಂದಲೇ ವಿನ್ಯಾಸದ ಪಾಠಗಳು ಇಂತಹ ಜೋಡಿಗಳನ್ನು ದೂರವಿಡಲು ಹೇಳುತ್ತಿದ್ದವು. ಮೊಸ್ಕೊಸೊ ಬೇಕೆಂದೇ ಅವುಗಳನ್ನು ಆರಿಸಿಕೊಂಡರು. ಕಲಿತ ನಿಯಮಗಳನ್ನು ತಲೆಕೆಳಗು ಮಾಡಿದ ಬಳಿಕವೇ ತಮಗೆ ದಾರಿ ಸಿಕ್ಕಿತೆಂದು ಅವರು ಹೇಳಿಕೊಂಡಿದ್ದಾರೆ. ನಿಯಮವನ್ನು ಹೀಗೆ ಮುರಿಯಲು ಮೊದಲು ಅದನ್ನು ಅರಗಿಸಿಕೊಂಡಿರಬೇಕಲ್ಲವೇ?

ಫಿಲ್‌ಮೋರ್ ನಡೆಸುತ್ತಿದ್ದ ಬಿಲ್ ಗ್ರಹಾಂ ಒಮ್ಮೆ ‘ಈ ಅಕ್ಷರ ಓದಲಾಗದು’ ಎಂದು ಆಕ್ಷೇಪಿಸಿದಾಗ, ‘ಅದಕ್ಕೇ ಜನ ನಿಂತು ಓದುತ್ತಾರೆ’ ಎಂಬರ್ಥದ ಉತ್ತರವನ್ನು ವಿಲ್ಸನ್ ಕೊಟ್ಟರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಈ ಶೈಲಿಯ ತಿರುಳಿರುವುದು ಇಲ್ಲೇ. ಜಾಹೀರಾತು ಒಂದೇ ನೋಟಕ್ಕೆ ದಕ್ಕಬೇಕೆಂಬುದು ಮಾರುಕಟ್ಟೆಯ ಸೂತ್ರ. ಈ ಭಿತ್ತಿಪತ್ರಗಳಾದರೋ ದಾರಿಹೋಕನನ್ನು ತಡೆದು ನಿಲ್ಲಿಸಿ, ಅವನಿಂದ ಕೆಲವು ನಿಮಿಷಗಳ ಏಕಾಗ್ರತೆಯನ್ನು ಬೇಡಿದವು.

ಹಾಗೆಂದು ಈ ಶೈಲಿಯ ಹೆಸರಿನಲ್ಲಿ ನಡೆದುದೆಲ್ಲವೂ ಶ್ಲಾಘ್ಯವಲ್ಲ. 1967ರಲ್ಲೇ ಹೊರಬಂದ ಜಿಮಿ ಹೆಂಡ್ರಿಕ್ಸ್ ಅವರ ‘ಆಕ್ಸಿಸ್: ಬೋಲ್ಡ್ ಆ್ಯಸ್ ಲವ್’ ಧ್ವನಿಮುದ್ರಿಕೆಯ ಹೊದಿಕೆಯನ್ನು ನೋಡಿ. ವಿಷ್ಣುವಿನ ವಿರಾಟ್ ರೂಪದ ಭಾರತೀಯ ಚಿತ್ರಪಟವೊಂದಕ್ಕೆ ವಾದ್ಯವೃಂದದ ಮೂವರ ಮುಖಗಳನ್ನು ಕೂರಿಸಲಾಗಿತ್ತು. ಸ್ವತಃ ಹೆಂಡ್ರಿಕ್ಸ್ ಅದನ್ನು ಮೆಚ್ಚಲಿಲ್ಲ. ತಮ್ಮ ವಂಶಮೂಲ ಅಮೆರಿಕದ ಮೂಲನಿವಾಸಿ ಇಂಡಿಯನ್ನರದು, ಭಾರತದ್ದಲ್ಲ ಎಂಬುದು ಅವರ ಅಸಮಾಧಾನ. ವಿಲ್ಸನ್ ಎರವಲು ತಂದ ಲಿಪಿಯನ್ನು ಅಭ್ಯಾಸದಿಂದ ತಮ್ಮದಾಗಿಸಿಕೊಂಡರು. ಇಲ್ಲಿಯಾದರೋ ಒಂದು ಸಂಸ್ಕೃತಿಯ ದರ್ಶನ ಬರಿಯ ಅಲಂಕಾರವಾಗಿ ಉಳಿಯಿತು.

ಇಂದು ಈ ಭೇದವನ್ನು ಮತ್ತೆ ನೆನೆಯಬೇಕಾದ ಕಾರಣವಿದೆ. ನಾಲ್ಕು ಪದ ಬೆರಳಚ್ಚಿಸಿದರೆ ಸಾಕು, ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕ್ಷಣಾರ್ಧದಲ್ಲಿ ‘ಸೈಕೆಡೆಲಿಕ್’ ಚಿತ್ರವನ್ನು ಮುಂದಿಡುತ್ತದೆ. ಮೊಬೈಲಿನ ಫಿಲ್ಟರ್ ನಮ್ಮ ಛಾಯಾಚಿತ್ರಕ್ಕೆ ಅದೇ ಬಣ್ಣ ಬಳಿಯುತ್ತದೆ. ತಂತ್ರಜ್ಞಾನವನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಮೊಸ್ಕೊಸೊ ಕೂಡ ಮುದ್ರಣಯಂತ್ರದ ಸಾಧ್ಯತೆಗಳನ್ನೇ ದುಡಿಸಿಕೊಂಡವರು. ಆದರೆ ಹೀಗೆ ಸಿಗುವ ಚಿತ್ರಗಳಲ್ಲಿ ಬಹುಪಾಲು ನೋಡುಗನನ್ನು ತಡೆಯುವುದಿಲ್ಲ; ಬೆರಳಿನ ಸರಿದಾಟದಲ್ಲಿ ಅವೂ ಸರಿದುಹೋಗುತ್ತವೆ. ನಿಲ್ಲಿಸುವುದಕ್ಕೆಂದೇ ಹುಟ್ಟಿದ ಶೈಲಿ, ನಿಲ್ಲದೆ ಓಡುವ ಕಣ್ಣಿನ ಆಹಾರವಾಗಿದೆ.

ನಮ್ಮ ಕಲಾಶಾಲೆಗಳು ಈ ಶೈಲಿಯನ್ನು ಬೋಧಿಸುವಾಗ ಅದರ ಬಣ್ಣಗಳ ಜೊತೆಗೆ ಆ ಬಣ್ಣಗಳ ಹಿಂದಿನ ವ್ಯಾಕರಣವನ್ನೂ ಬೋಧಿಸಲಿ. ನೋಡುಗರಾದ ನಾವೂ ಒಂದು ಚಿತ್ರದ ಮುಂದೆ ಕೊಂಚ ಹೊತ್ತು ನಿಲ್ಲುವುದನ್ನು ಮತ್ತೆ ರೂಢಿಸಿಕೊಳ್ಳೋಣ. ಓದಲು ಕಷ್ಟವಾದ ಆ ಅಕ್ಷರಗಳು ಕೇಳಿದ್ದೂ ಅಷ್ಟನ್ನೇ.