ಡ್ರಾಯರ್ ಖಾಲಿ ಮಾಡದೆ ಎದ್ದವರು

ಕೌಂಟರಿನಲ್ಲಿ ಒಬ್ಬ ಕ್ಯಾಷಿಯರ್ ಎದ್ದು ಇನ್ನೊಬ್ಬ ಕೂರುವಾಗ ಡ್ರಾಯರ್ ಖಾಲಿ ಮಾಡಿ, ಎಣಿಸಿ, ಸಹಿ ಹಾಕಲೇಬೇಕು. "ಹಾಗೇ ಇರಲಿ, ಗಿರಾಕಿ ಬಂದಾಗ ನೋಡೋಣ" ಅಂದರೆ ಆಡಿಟ್‌ನವರು ಬಿಡ್ತಾರಾ? ಕಂಪ್ಯೂಟರಿನೊಳಗೆ ಮಾತ್ರ ಬಹಳ ಕಾಲ ಹಾಗೇ ನಡೆಯಿತು.

1980ರಲ್ಲಿ ಇಂಟೆಲ್‌ನ 8087 ಬಂತು. ದಶಮಾಂಶದ ಲೆಕ್ಕಕ್ಕೇ ಬೇರೆ ಚಿಪ್, ಒಳಗೆ 80 ಬಿಟ್‌ನ 8 ರಿಜಿಸ್ಟರುಗಳು. ಪ್ರೋಗ್ರಾಮುಗಳ ಸರದಿ ಬದಲಾದಾಗಲೆಲ್ಲ ಇವನ್ನು ಎತ್ತಿಟ್ಟು ಮತ್ತೆ ತುಂಬುವುದು ದುಬಾರಿ. ಎಷ್ಟೋ ಪ್ರೋಗ್ರಾಮುಗಳಿಗೆ ಅದು ಬೇಕೇ ಇಲ್ಲ. ಹಾಗಾಗಿ ಮುಂದೆ ಕರ್ನಲ್ ಬರೆಯುವವರು ಹಳಬನ ಅಂಕಿಗಳನ್ನು ಅಲ್ಲೇ ಬಿಟ್ಟು, ಬೀಗದಂತೆ ಒಂದು ಬಿಟ್ ಹಾಕಿಟ್ಟರು. ಹೊಸಬ ಮುಟ್ಟಿದರೆ ಪ್ರೊಸೆಸರ್ ಕರ್ನಲ್ಲನ್ನು ಕರೆಯುತ್ತದೆ, ಬದಲಾವಣೆ ಆಗ. ಆ ಕಾಲಕ್ಕೆ ಜಾಣತನವೇ, ಒಪ್ಪುತ್ತೇನೆ.

ಆದರೆ 2010ರಿಂದ ಎಇಎಸ್ ಗೂಢಲಿಪಿಯ ಕೆಲಸವೂ ಅದೇ ಬೀಗದಡಿಯ ರಿಜಿಸ್ಟರುಗಳಿಗೆ ಬಂತು. ಅಂದರೆ ಡ್ರಾಯರಿನಲ್ಲಿ ಈಗ ಚಿಲ್ಲರೆ ಅಲ್ಲ, ತಿಜೋರಿಯ ಕೀಲಿಯೇ! 2018ರ ಜೂನ್‌ನಲ್ಲಿ ಗುಟ್ಟು ಬಯಲಾಯಿತು. ಇಂಟೆಲ್ ಕೋರ್ ಪ್ರೊಸೆಸರುಗಳು ಬೀಗ ನೋಡುವ ಮೊದಲೇ ಊಹೆಯ ಮೇಲೆ ಮುಂದೆ ಓಡುತ್ತಿದ್ದವು, ಹಳಬನ ಅಂಕಿಯ ಸುಳಿವು ಕ್ಯಾಷ್ ಮೆಮೊರಿಯಲ್ಲಿ ಉಳಿಯುತ್ತಿತ್ತು. ಲಿನಕ್ಸ್‌ನವರು 2016ರಲ್ಲೇ ಪ್ರತಿ ಸರದಿಗೂ ಪೂರ್ತಿ ಬದಲಿಸುವ ಪದ್ಧತಿಗೆ ಬಂದಿದ್ದರು. ಹೊಸ ಚಿಪ್ಪುಗಳಲ್ಲಿ ಆ ಹಳೆ ಉಳಿತಾಯವೇ ಸುಳ್ಳಾಗಿತ್ತಲ್ಲ! ಹಳೆ ಕರ್ನಲ್ ಇಟ್ಟುಕೊಂಡವರು ಪ್ಯಾಚ್ ಹಾಕಬೇಕಾಯಿತು.

ಪಾಠ ಕಲಿತರಾ? 2024ರ ಜನವರಿಯಲ್ಲಿ ಲೆಫ್ಟ್‌ಓವರ್‌ಲೋಕಲ್ಸ್ ದೋಷ ಹೊರಬಂತು. ಆಪಲ್, ಎಎಂಡಿ, ಕ್ವಾಲ್‌ಕಾಮ್‌ಗಳ ಕೆಲವು ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಒಬ್ಬರು ಬಳಸಿದ ಒಳಮೆಮೊರಿ ಅಳಿಸದೆಯೇ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಅಳಿಸೋಕೆ ಸಮಯ ಹಿಡಿಯತ್ತೆ ಅಂತೀರಾ? ಹಿಡಿಯಲಿ ಬಿಡಿ, ನಮಗೂ ದಿನಾ ಸಂಜೆ ಕ್ಯಾಷ್ ಎಣಿಸೋಕೆ ಅರ್ಧ ಗಂಟೆ ಹಿಡಿಯತ್ತೆ.