ಸದ್ದು ಹುಡುಕಿದ್ದಕ್ಕೂ ಕೂಲಿ ಬೇಕು

ಹಳೆಯ ಜೀಪಿನ ಅಡಿಯಿಂದ ಗುಂಯ್ ಎಂಬ ಸದ್ದು ಶುರುವಾದರೆ ಮಾಲೀಕರ ಬಾಯಿಂದ ಮೊದಲು ಬರುವ ಮಾತು, ‘ಗೇರ್ ಬಾಕ್ಸ್ ಹೋಯ್ತು.’ ಎಷ್ಟೋ ಗ್ಯಾರೇಜುಗಳಲ್ಲಿ ಅದೇ ತೀರ್ಪಾಗಿಬಿಡುತ್ತದೆ. ಗೇರ್ ಬಾಕ್ಸ್ ಇಳಿಸಿ, ಬೇರಿಂಗ್ ಬದಲಿಸಿ, ಮತ್ತೆ ಕೂರಿಸಿ ಗಾಡಿಯನ್ನು ರಸ್ತೆಗೆ ತಂದರೆ ಅದೇ ಗುಂಯ್! ಆಗ ಬೈಗುಳವೆಲ್ಲ ಮೆಕ್ಯಾನಿಕ್‌ಗೆ. ಆದರೆ ತಪ್ಪು ಅವನೊಬ್ಬನದೇ ಅಲ್ಲ. ಬಿಚ್ಚಿದ್ದಕ್ಕೆ, ಜೋಡಿಸಿದ್ದಕ್ಕೆ, ಸ್ಪೇರ್ ಪಾರ್ಟ್‌ಗೆ ಚೌಕಾಸಿ ಮಾಡಿಯಾದರೂ ದುಡ್ಡು ಕೊಡುವ ಮಾಲೀಕರು, ಸದ್ದು ಎಲ್ಲಿಂದ ಬರುತ್ತಿದೆ ಎಂದು ಅರ್ಧ ದಿನ ಹುಡುಕಿದವನ ಕೈಗೆ ಏನೂ ಇಡುವುದಿಲ್ಲ. ಹುಡುಕಾಟಕ್ಕೆ ಕೂಲಿಯೇ ಇಲ್ಲ ಎಂದಮೇಲೆ ಹುಡುಕುವವರು ಎಲ್ಲಿಂದ ಬರಬೇಕು?

ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ, ಮಡಿಕೇರಿಯ ಕಡೆಯಿಂದ ಮಾಂದಲಪಟ್ಟಿಗೆ ಜನರನ್ನು ಹೊತ್ತು ಹತ್ತುವುದು ಜೀಪುಗಳೇ. ಕಾಫಿ ತೋಟಗಳಲ್ಲಿ ಗೊಬ್ಬರ, ಆಳುಗಳು, ಕೊಯ್ದ ಹಣ್ಣು ಎಲ್ಲಕ್ಕೂ ಅವೇ ಆಸರೆ. ಮಹೀಂದ್ರ ಕಂಪನಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ನಮ್ಮಲ್ಲಿ ಜೋಡಿಸಲು ಶುರು ಮಾಡಿದ್ದು 1940ರ ದಶಕದ ಕೊನೆಯಲ್ಲಿ. 1980ರ ದಶಕದಲ್ಲಿ ಎಂಎಂ 540 ಬಂತು, 1985ರ ಡಿಸೆಂಬರಿನಲ್ಲಿ ಮಾರುತಿ ಜಿಪ್ಸಿ ಬಂತು. ಆ ತಲೆಮಾರಿನ ಗಾಡಿಗಳು ಇವತ್ತಿಗೂ ಘಟ್ಟದ ದಾರಿಗಳಲ್ಲಿ ದುಡಿಯುತ್ತಿವೆ.

ಇಂಥ ಗಾಡಿಯಲ್ಲಿ ಸದ್ದಿನ ಮೂಲ ಹಿಡಿಯುವುದು ಕಾರಿನಲ್ಲಿ ಹಿಡಿದಷ್ಟು ಸುಲಭವಲ್ಲ. ಗೇರ್ ಬಾಕ್ಸಿನ ಜೊತೆಗೆ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಎರಡು ಪ್ರೊಪೆಲ್ಲರ್ ಶಾಫ್ಟ್, ಎರಡು ಆಕ್ಸಲ್ ಹೌಸಿಂಗ್, ನಾಲ್ಕು ಹಬ್ ಇವೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲವಾದ್ದರಿಂದ ನಡುವೆ ಇನ್ನೊಂದು ಗಿಡ್ಡ ಶಾಫ್ಟ್. ಇವುಗಳಲ್ಲಿ ಯಾವುದು ಕೂಗಿದರೂ ಕಬ್ಬಿಣದ ಚಾಸಿಯ ಮೂಲಕ ಸದ್ದು ಹರಿದು ಚಾಲಕನ ಸೀಟಿನ ಕೆಳಗೇ ಕೇಳಿಸುತ್ತದೆ. ಕಿವಿಯನ್ನಷ್ಟೇ ನಂಬಿದರೆ ಮೋಸ ಹೋಗುವುದು ಖಂಡಿತ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಹಿಡಿದು ಹೋಗಬೇಕು.

ಗಾಡಿ ನಿಂತಿದೆ, ಎಂಜಿನ್ ಓಡುತ್ತಿದೆ, ಗೇರು ನ್ಯೂಟ್ರಲ್‌ನಲ್ಲಿದೆ ಎಂದುಕೊಳ್ಳಿ. ಕ್ಲಚ್ ತುಳಿದ ಕೂಡಲೇ ಗರಗರ ನಿಂತರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಅನುಮಾನ ಪಡಬೇಕು. ತುಳಿದಾಗಲೇ ಸದ್ದು ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ನೋಡಬೇಕು. ನಿಂತಾಗ ಸುಮ್ಮನಿದ್ದು ಓಡುವಾಗ ಮಾತ್ರ ಸದ್ದು ಬರುತ್ತಿದ್ದರೆ, ಖಾಲಿ ಸಮತಟ್ಟು ರಸ್ತೆಯಲ್ಲಿ ವೇಗ ಹಿಡಿದು ಕ್ಲಚ್ ತುಳಿದು ನ್ಯೂಟ್ರಲ್‌ಗೆ ತರಬೇಕು (ಇಳಿಜಾರಿನಲ್ಲಿ ಇದನ್ನು ಮಾಡಲೇಬಾರದು). ಆಮೇಲೂ ಸದ್ದು ಹಾಗೆಯೇ ಮುಂದುವರಿದರೆ ಕಾಯಿಲೆ ಬಹುಮಟ್ಟಿಗೆ ಗೇರ್ ಬಾಕ್ಸಿನ ಆಚೆಗಿದೆ. ಇಷ್ಟಕ್ಕೆ ಒಂದು ಸ್ಪ್ಯಾನರ್ ಕೂಡ ಬೇಕಿಲ್ಲ.

ಇಲ್ಲಿಂದ ಲೆಕ್ಕ ನೆರವಿಗೆ ಬರುತ್ತದೆ. ಹೌಸಿಂಗಿನೊಳಗೆ ಶಾಫ್ಟಿನ ತಿರುಗುವಿಕೆಯನ್ನು ಚಕ್ರದ ಕಡೆಗೆ ದಾಟಿಸುವ ಹಲ್ಲುಗಾಲಿಗಳ ಜೋಡಿಯೇ ಕ್ರೌನ್ ಪಿನಿಯನ್; ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಅದರ ಅನುಪಾತ 5.38. ಅಂದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತಿಗಿಂತ ಹೆಚ್ಚು ತಿರುಗಿರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 5 ಸುತ್ತು, ಶಾಫ್ಟ್ ಸುಮಾರು 27 ಸುತ್ತು. ಒಂದೊಂದೇ ಬಡಿತ ಬಿಡಿಬಿಡಿಯಾಗಿ ಕೇಳಿದರೆ ಅದು ಚಕ್ರದ ಕಡೆಯದು. ಬಡಿತಗಳು ಬೆರೆತು ನಡುಕದಂತೆ ಸೀಟಿಗೆ ತಾಗಿದರೆ ಶಾಫ್ಟಿನ ಕಡೆಯದು. ಅದರ ಯೂನಿವರ್ಸಲ್ ಜಾಯಿಂಟ್ ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ ಇಳಿಯುತ್ತದೆ. ಶಾಫ್ಟಿನ ಎರಡೂ ತುದಿಯ ಜಾಯಿಂಟುಗಳು ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಗ್ರೀಸ್ ಹಾಕಲು ಬಿಚ್ಚಿದವರು ಗುರುತು ನೋಡದೆ ಒಂದು ಹಲ್ಲು ಅತ್ತಿತ್ತ ಕೂರಿಸಿದರೂ ನಡುಕ ಶುರು. ಹೊಸ ಜಾಯಿಂಟ್ ಹಾಕಿದರೂ ಅದು ಹೋಗುವುದಿಲ್ಲ.

ಮುಂದಿನ ಚಕ್ರಗಳಿಗೆ ಫ್ರೀ ವೀಲಿಂಗ್ ಹಬ್ ಇರುವ ಗಾಡಿಯಲ್ಲಂತೂ ಅರ್ಧ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಹಬ್ ಬಿಡಿಸಿ ಟೂ ವೀಲ್‌ನಲ್ಲಿ ಓಡಿಸಿದರೆ ಮುಂದಿನ ಹೌಸಿಂಗ್, ಮುಂದಿನ ಶಾಫ್ಟ್ ಎರಡೂ ಸುಮ್ಮನಾಗುತ್ತವೆ. ಆಗ ಸದ್ದೂ ನಿಂತರೆ ಹಿಂದಿನ ಹೌಸಿಂಗ್ ಬಿಚ್ಚುವ ಖರ್ಚು ಉಳಿಯಿತು. ಇನ್ನು ಎಕ್ಸಲರೇಟರ್ ಒತ್ತಿದಾಗ ಕ್ರೌನ್ ಪಿನಿಯನ್ ಹಲ್ಲಿನ ಒಂದು ಮುಖ ಭಾರ ಹೊರುತ್ತದೆ, ಕಾಲು ತೆಗೆದಾಗ ಇನ್ನೊಂದು ಮುಖ. ಕಾಲಿನ ಜೊತೆಗೇ ಸದ್ದು ಬದಲಾಗುತ್ತಿದ್ದರೆ ಹಲ್ಲು ಅಥವಾ ಪಿನಿಯನ್ ಬೇರಿಂಗ್ ನೋಡಬೇಕು. ಎಡಕ್ಕೆ ತಿರುಗಿದಾಗ ಹೂಂಕಾರ ಹೆಚ್ಚಿದರೆ ಬಲ ಚಕ್ರದ ಬೇರಿಂಗ್ ಮೇಲೆ ಅನುಮಾನ, ಏಕೆಂದರೆ ತಿರುವಿನಲ್ಲಿ ಭಾರ ಹೊರಗಿನ ಚಕ್ರಕ್ಕೆ ಬೀಳುತ್ತದೆ. ಡಾಂಬರು ಮುಗಿದು ಕಾಂಕ್ರೀಟ್ ಬಂದ ಕೂಡಲೇ ಸದ್ದಿನ ರಾಗವೇ ಬದಲಾದರೆ ಅದು ಬರೀ ಟೈರು.

ಒಣ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ತಿರುವು ತೆಗೆದುಕೊಂಡಾಗ ಬರುವ ಬಿಗಿತ, ಧಡ್ ಎಂಬ ಹೊಡೆತ ಮಾತ್ರ ಕಾಯಿಲೆಯೇ ಅಲ್ಲ. ಈ ಗಾಡಿಗಳಲ್ಲಿ ಹಿಂದುಮುಂದಿನ ಶಾಫ್ಟುಗಳ ನಡುವೆ ವೇಗದ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಎರಡೂ ಒಂದನ್ನೊಂದು ಹಿಂಡುತ್ತವೆ. ಜಾರುವ ಕೆಸರಿನಲ್ಲಿ ಆ ಒತ್ತಡ ಕಳೆದುಹೋಗುತ್ತದೆ, ಡಾಂಬರಿನಲ್ಲಿ ಕಳೆಯುವುದಿಲ್ಲ. ಇಲ್ಲಿ ಲಿವರನ್ನು ಟೂ ವೀಲ್‌ಗೆ ತಂದರೆ ಸಾಕು, ರಿಪೇರಿಯ ಮಾತೇ ಬೇಡ.

ಉಳಿದ ಸದ್ದುಗಳನ್ನು ‘ಹಳೇ ಗಾಡಿ, ಸದ್ದು ಮಾಡದೆ ಇರುತ್ತದೆಯೇ’ ಎಂದು ತಳ್ಳಿಹಾಕುವುದು ಅಪಾಯಕಾರಿ. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳ ಬಳಿ ಇರಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲೇ, ಅದರ ಡ್ರಮ್ ಇರುತ್ತಿತ್ತು. ಟೂ ವೀಲ್‌ನಲ್ಲಿ ಘಟ್ಟ ಇಳಿಯುವಾಗ ಹಿಂದಿನ ಜಾಯಿಂಟ್ ಮುರಿದರೆ ಗೇರಿನ ಹಿಡಿತ ಹೋಗುತ್ತದೆ, ಹ್ಯಾಂಡ್ ಬ್ರೇಕ್ ಕೂಡ ಹೋಗುತ್ತದೆ. ಉಳಿಯುವುದು ಕಾಲಿನ ಬ್ರೇಕ್ ಒಂದೇ. ಆ ಜಾಯಿಂಟ್ ಸಾಮಾನ್ಯವಾಗಿ ಹೇಳದೆ ಕೇಳದೆ ಮುರಿಯುವುದಿಲ್ಲ. ಮೊದಲು ನಿಧಾನವಾಗಿ ಹೋಗುವಾಗ ಕಿಚ್ ಕಿಚ್ ಎನ್ನುತ್ತದೆ, ಕಪ್ಪಿನ ಸುತ್ತ ತುಕ್ಕಿನ ಕೆಂಪು ಪುಡಿ ಕಾಣುತ್ತದೆ, ಆಮೇಲೆ ಗಾಡಿ ಎತ್ತುವಾಗ ಟಕ್ ಎನ್ನುತ್ತದೆ. ಇಷ್ಟೆಲ್ಲ ಸೂಚನೆ ಕೊಟ್ಟ ಮೇಲೂ ಜನರನ್ನು ತುಂಬಿಕೊಂಡು ಬೆಟ್ಟ ಹತ್ತಿಸುವುದು ಅಕ್ಷಮ್ಯ.

ಸದ್ದನ್ನು ಕಡೆಗಣಿಸದಿರಲು ಮಳೆಗಾಲ ಇನ್ನೊಂದು ಕಾರಣ. ದೂರ ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಇಟ್ಟ ಬ್ರೀದರ್ ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಹೌಸಿಂಗ್ ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ಒಳಗೆ ನೀರು ಸೇರಿದೆ ಎಂದೇ ಲೆಕ್ಕ. ಸದ್ದು ಬರುವಷ್ಟರಲ್ಲಿ ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಡ್ರೇನ್ ಪ್ಲಗ್ ಬಿಚ್ಚಿ ನೋಡಲು ಹತ್ತು ನಿಮಿಷ ಸಾಕು. ಬೂದುಬಣ್ಣದ ನುಣ್ಣನೆಯ ಲೇಪ ಕಂಡರೆ ಗಾಬರಿ ಬೇಡ, ಲೋಹದ ಚೂರು ಸಿಕ್ಕರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಬೇಕು.

ಇದನ್ನೆಲ್ಲ ಬಲ್ಲ ಮೆಕ್ಯಾನಿಕ್‌ಗಳು ಮಲೆನಾಡಿನ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಬಿಲ್ಲಿನಲ್ಲಿ ‘ಪರೀಕ್ಷೆ’ ಎಂಬ ಸಾಲೊಂದು ಇರಬೇಕು, ಮಾಲೀಕರು ಅದಕ್ಕೆ ತಕರಾರಿಲ್ಲದೆ ಹಣ ಕೊಡಬೇಕು. ಎಂಟು ವರ್ಷ ದಾಟಿದ ಬಾಡಿಗೆ ವಾಹನಗಳಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಪರೀಕ್ಷೆ ಕಡ್ಡಾಯ. ಬೆಟ್ಟಕ್ಕೆ ಜನರನ್ನು ಕರೆದೊಯ್ಯುವ ಜೀಪುಗಳ ಮಟ್ಟಿಗಾದರೂ ಆ ದಿನ ಗಾಡಿಯನ್ನು ರಸ್ತೆಯಲ್ಲಿ ಓಡಿಸಿ ಸದ್ದು ಕೇಳುವುದು, ಅಡಿಗೆ ಇಳಿದು ಜಾಯಿಂಟುಗಳನ್ನು ಕೈಯಲ್ಲಿ ಅಲುಗಿಸಿ ನೋಡುವುದು ಪರೀಕ್ಷೆಯ ಭಾಗವಾಗಬೇಕು. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಹುಡುಗರನ್ನು ಸವೆದ ಜಾಯಿಂಟ್, ಸವೆದ ಪಿನಿಯನ್ ಬೇರಿಂಗ್ ಇರುವ ಗಾಡಿಗಳಲ್ಲಿ ಕೂರಿಸಿ ಓಡಾಡಿಸಬೇಕು. ಆ ಪಾಠ ಹೇಳಲು ಘಟ್ಟದ ಬುಡದ ಗ್ಯಾರೇಜುಗಳಿಂದ ಹಿರಿಯ ಮೇಸ್ತ್ರಿಗಳನ್ನು ಕರೆಸಿ, ಗೌರವಧನ ಕೊಟ್ಟು ಕಳಿಸಬೇಕು.